ಇಟಲಿಯ ನುಡಿಯಲ್ಲಿ ಲಕಾರಗಳ ಚರಿತ್ರೆ

ಇಟಲಿಯ ಭಾಷೆಯನ್ನು ಅಭ್ಯಾಸಮಾಡತೊಡಗಿದವರಿಗೆ ಅದರ ನಾಮಪದಗಳು ಅಷ್ಟಾಗಿ ತೊಡಕನ್ನುಂಟುಮಾಡುವುದಿಲ್ಲ. ಆ ಭಾಷೆಗೆ ಮಾತೃಸ್ಥಾನದಲ್ಲಿರುವ ಲ್ಯಾಟಿನ್ನಿನಲ್ಲಿ, ಸಂಸ್ಕೃತದಲ್ಲಿರುವಂತೆಯೇ, ವಿಭಕ್ತಿಪ್ರತ್ಯಯಗಳಿದ್ದವು. ಇಟಲಿಯವರು ನಾಮಪದಗಳಲ್ಲಿ ಅವನ್ನು ಕೈಬಿಟ್ಟು ಸಾವಿರ ವರ್ಷಗಳ ಮೇಲಾಯಿತು. ಆದರೆ ಕ್ರಿಯಾಪದದ ಸಂಗತಿ ಹಾಗಲ್ಲ. ಅಲ್ಲಿ ಕ್ರಿಯಾಪದಕ್ಕೆ ನಾಲ್ಕು ಅರ್ಥಗಳುಂಟು. ನಡೆದುದನ್ನು ನಡೆದಂತೆ ಹೇಳುವ ನಿಶ್ಚಯಾರ್ಥ. ಸಂಶಯ, ಇಚ್ಛೆ, ಭಯ ಮುಂತಾದುವುಗಳನ್ನು ಆಶ್ರಯಿಸಿ ಬರುವ ಸಂಭಾವನಾರ್ಥ. ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎಂಬಲ್ಲಿ ಬರುವ ಸಂಕೇತಾರ್ಥ. ಅಪ್ಪಣೆಯನ್ನು ತಿಳಿಸುವ ವಿಧ್ಯರ್ಥ. ಇವುಗಳಲ್ಲಿ ಮೊದಲನೆಯದಕ್ಕೆ ೮ ಕಾಲಭೇದಗಳು, ಎರಡನೆಯದಕ್ಕೆ ೪, ಮೂರನೆಯದಕ್ಕೆ ೨, ನಾಲ್ಕನೆಯದಕ್ಕೆ ೧. ನಮ್ಮ ವೈಯಾಕರಣರ ಲಕಾರಗಳು ಹತ್ತಾದರೆ ಅವರವು ಒಟ್ಟು ಹದಿನೈದಾದುವು. ದ್ವಿವಚನವಿಲ್ಲದಿದ್ದರೂ ಒಂದೊಂದು ಧಾತುವಿಗೆ ಪುರುಷವಚನಭೇದದಿಂದ ಸುಮಾರು ೯೦ ರೂಪಗಳಾಗುತ್ತವೆ. ಧಾತುಗಳು ‘ಆರೆ’, ‘ಏರೆ’, ‘ಈರೆ’ ಎಂಬ ಅಂತ್ಯಗಳಿಂದ ಮೂರು ಗಣಗಳಾಗಿ ವಿಂಗಡವಾಗಿವೆ. ಗಣನಿಯಮವನ್ನು ಮೀರಿ ನಡೆಯುವ ಧಾತುಗಳಿಗೂ ಕೊರತೆಯಿಲ್ಲ.

ಈ ರೂಪಗಳನ್ನೆಲ್ಲ ಇಲ್ಲಿ ಪಟ್ಟಿಮಾಡಿ ವಾಚಕರನ್ನು ಬಳಲಿಸುವುದು ನಮ್ಮ ಉದ್ದೇಶವಲ್ಲ. ಇವು ಎಲ್ಲಿಂದ ಬಂದುವು, ಇವುಗಳನ್ನು ಮೊದಲು ಎಣಿಸಿ ಬರೆದವನು ಯಾರು, ಬರೆಯಬೇಕಾದ ಅಗತ್ಯವೇನಿತ್ತು ಎಂಬುದಿಷ್ಟನ್ನೇ ಇಲ್ಲಿ ವಿಚಾರಿಸತಕ್ಕುದಾಗಿದೆ. ಮನೆಯಲ್ಲಿ ಆಡುವ ಮಾತಿಗೂ ವ್ಯಾಕರಣವುಂಟೆ, ಇಲ್ಲವೆ ಎಂಬ ದೊಡ್ಡ ವಿವಾದವೊಂದು ಈ ರೂಪಾವಳಿಯ ಹಿಂದೆ ಅಡಗಿರುವುದರಿಂದ ಈ ಚರಿತ್ರೆಯು ಕೇವಲ ಪಂಡಿತರಿಗೆ ಮೀಸಲಾದುದಲ್ಲ.

ಸಂಸ್ಕೃತವನ್ನು ಬಲ್ಲವರಿಗೆ ಲ್ಯಾಟಿನ್ನಿನ ಕ್ರಿಯಾಪದವು ದೂರದ ನೆಂಟನಂತೆ ತೋರುತ್ತದೆ. ‘ಪ್ರೀತಿಸು’ ಎಂಬ ಅರ್ಥದ ಧಾತುವಿಗೆ ಅಲ್ಲಿ ‘ಅಮಾಸ್’ ಎಂದರೆ ಪ್ರೀತಿಸುತ್ತೀಯೆ, ‘ಅಮತ್’ ಎಂದರೆ ಪ್ರೀತಿಸುತ್ತಾನೆ, ‘ಅಮಂತ್’ ಎಂದರೆ ಪ್ರೀತಿಸುತ್ತಾರೆ. ಭವಸಿ, ಭವತಿ, ಭವಂತಿ ಎಂಬಲ್ಲಿಯ ಸಕಾರ, ತಕಾರ, ನಕಾರತಕಾರಗಳು ಇಲ್ಲಿ ಸ್ಪಷ್ಟವಾಗಿಯೇ ಕಾಣುತ್ತವೆ. ಈ ಬಾಂಧವ್ಯದ ಸುಳಿವನ್ನು ಮೊದಲು ಹಿಡಿದ ಯೂರೋಪಿಯನರಲ್ಲಿ ಒಬ್ಬನು ಇಟಲಿಯವನೇ. ಫ್ಲಾರೆನ್ಸ್ ನಗರದ ಫಿಲಿಪ್ಪೊ ಸಾಸ್ಸೆತ್ತಿ ಎಂಬ ವರ್ತಕನು ೧೫೮೩ರಲ್ಲಿ ಮೆಣಸಿನ ವ್ಯಾಪಾರಕ್ಕಾಗಿ ಕೊಚ್ಚಿಗೆ ಬಂದು, ೧೫೮೮ರಲ್ಲಿ ಗೋವೆಯಲ್ಲಿ ತೀರಿಕೊಂಡನು. ದೇವ, ಸರ್ಪ ಎಂಬ ಶಬ್ದಗಳೂ ಆರರಿಂದ ಒಂಬತ್ತರವರೆಗಿನ ಸಂಖ್ಯಾವಾಚಕಗಳೂ ತನ್ನ ನುಡಿಯ ಶಬ್ದಗಳನ್ನು ಹೋಲುತ್ತವೆಂದು ಅವನು ಊರಿಗೆ ಬರೆದ ಕಾಗದಗಳಲ್ಲಿ ತಿಳಿಸಿದ್ದಾನೆ. ಶಬ್ದಗಳ ಹೋಲಿಕೆಯಿಂದ ಮುಂದುವರಿದು, ಕ್ರಿಯಾಪದಗಳ ರೂಪಸಾಮ್ಯದಿಂದಲೇ ಈ ನಂಟನ್ನು ಶಾಸ್ತ್ರೀಯವಾಗಿ ತೋರಿಸಿದವನು ಜರ್ಮನಿಯ ಫ್ರಾಂಟ್ಸ್ ಬಾಪ್. ಅವನ ಗ್ರಂಥವು ೧೮೧೬ರಲ್ಲಿ ಹೊರಬಂದಿತು. ಆದಕಾರಣ ನಾವು ಮುಂದೆ ನಮ್ಮ ಲಕಾರಗಳನ್ನು ಅಲ್ಲಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು.

ಲ್ಯಾಟಿನ್ ಭಾಷೆಯು ಜನರ ಬಾಯಲ್ಲಿ ಬದಲಾಗುತ್ತ ಬಂದಂತೆ ಮೊದಲು ಸವೆದುದು ಪದಾಂತ್ಯದ ವ್ಯಂಜನಗಳು. ‘ಅಮತ್’ ಎಂಬುದು ‘ಆಮ’ ಆಯಿತು. ‘ಅಮಂತ್’ ಎಂಬುದು ‘ಆಮನೊ’ ಆಯಿತು. ಇದರಿಂದ ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ ಭವಿಷ್ಯತ್ಕಾಲಕ್ಕೆ ಒದಗಿದ ವಿಪತ್ತು ಬೇರೆ. ಲ್ಯಾಟಿನ್ನಿನಲ್ಲಿ ‘ಅಮಾಬಿತ್’ ಎಂದರೆ ಪ್ರೀತಿಸುವನು. ‘ಅಮಾವಿತ್’ ಎಂದರೆ ಪ್ರೀತಿಸಿದನು. ಕಾಲಕ್ರಮದಲ್ಲಿ ಸ್ವರಗಳ ನಡುವಣ ಬಕಾರವು ವಕಾರದಂತೆಯೇ ಉಚ್ಚರಿಸಲ್ಪಡತೊಡಗಿತು. ನಮ್ಮಲ್ಲಿಯೂ ಬವಗಳಿಗೆ ಅಭೇದವನ್ನು ಹೇಳಿದ್ದುಂಟು. ಆದರೆ ಅಲ್ಲಿ ಆ ಅಭೇದದಿಂದ ಆದುದನ್ನು ನೋಡಬೇಕು. ಆಗಿಹೋದುದಕ್ಕೂ ಆಗಬೇಕಾದುದಕ್ಕೂ ಕಿವಿಗೆ ಭೇದವೇ ತಿಳಿಯದಂತಾಯಿತು. ಬೇರೆ ಗಣದ ಧಾತುಗಳಲ್ಲಿ ‘ದೀಕಿತ್’ ಎಂದರೆ ಹೇಳುತ್ತಾನೆ, ‘ದೀಕೆತ್’ ಎಂದರೆ ಹೇಳುವನು. ಕೊನೆಯ ಇಕಾರ ಎಕಾರಗಳು ಒಂದಾದ ಕೂಡಲೆ ವರ್ತಮಾನವೂ ಭವಿಷ್ಯತ್ತೂ ಬೆರೆತುಹೋದುವು. ಹೀಗೆ ಹಳೆಯ ಭವಿಷ್ಯದ್ರೂಪವು ನಿರುಪಯುಕ್ತವಾಗಿ ಬಳಕೆಯಿಂದ ಬಿದ್ದುಹೋಯಿತು.

ಭವಿಷ್ಯತ್ಕಾಲವಿಲ್ಲದೆ ಸಂಸಾರ ನಡೆಯುವುದುಂಟೆ? ಸಾಲ ತೀರಿಸುವೆನೆಂದಾಗಲಿ, ನಾಳೆ ಬರುವೆನೆಂದಾಗಲಿ ಹೇಳಲೇಬೇಕಷ್ಟೆ. ಜನರು ತಮ್ಮ ಕೈಗೆ ಸಿಕ್ಕಿದ ಸಾಮಾನ್ಯವಾದ ಸಾಮಗ್ರಿಯಿಂದ ಹೊಸದನ್ನು ಕಟ್ಟಿಕೊಂಡರು. ‘ಹಾಬೆಯೊ’ ಎಂದರೆ ‘ನನಗುಂಟು’. ‘ಅಮಾರೆ ಹಾಬೆಯೊ’ ಎಂದರೆ ‘ನನಗೆ ಪ್ರೀತಿಸಲಿಕ್ಕುಂಟು’. ನಮ್ಮ ಕರಾವಳಿಯವರು ‘ನಾಳೆ ಮಂಗಳೂರಿಗೆ ಹೋಗಲಿಕ್ಕುಂಟು’ ಎನ್ನುವಾಗ ಮಾಡುವುದೂ ಇದನ್ನೇ. ಈ ಎರಡು ಪದಗಳು ಕ್ರಮೇಣ ಒಂದಾಗಿ, ಸವೆದು, ಇಟಲಿಯಲ್ಲಿ ‘ಅಮೆರೋ’ ಎಂದಾಯಿತು. ‘ಉಂಟು’ ಎಂಬ ಕ್ರಿಯಾಪದದ ರೂಪಗಳು ಇಟಲಿಯ ನುಡಿಯಲ್ಲಿ ಒ, ಆಯ್, ಆ, ಆನ್ನೊ ಎಂದಿವೆ; ‘ಪ್ರೀತಿಸುವೆನು’ ಎಂಬುದರ ರೂಪಗಳು ಅಮೆರೋ, ಅಮೆರಾಯ್, ಅಮೆರಾ, ಅಮೆರಾನ್ನೊ ಎಂದಿವೆ. ಬೆಸುಗೆಯ ಗುರುತು ಇಂದಿಗೂ ಮಾಸಿಲ್ಲ.

ಈ ಹೊಸ ರೂಪವು ಬರಹದಲ್ಲಿ ಮೊದಲು ಕಾಣುವುದು ಏಳನೆಯ ಶತಮಾನದ ಒಂದು ಕಥೆಯಲ್ಲಿ. ಗಾಲ್ ದೇಶದಲ್ಲಿ ಬರೆಯಲ್ಪಟ್ಟ, ಫ್ರೆಡೆಗಾರ್ ಎಂಬವನ ಹೆಸರಿನಲ್ಲಿರುವ ವೃತ್ತಾಂತಗ್ರಂಥವು ಅದನ್ನು ಹೀಗೆ ಹೇಳುತ್ತದೆ. ಜಸ್ಟಿನಿಯನ್ ಚಕ್ರವರ್ತಿಯು ಪಾರಸೀಕ ರಾಜನನ್ನು ಸೆರೆಹಿಡಿದು, ಗೆದ್ದುಕೊಂಡ ಪ್ರಾಂತಗಳನ್ನು ಹಿಂದಕ್ಕೆ ಕೊಡೆಂದನಂತೆ. ಅವನು ಕೊಡೆನೆಂದನು. ಅದಕ್ಕೆ ಚಕ್ರವರ್ತಿಯು ‘ದರಾಸ್’, ಅಂದರೆ ‘ಕೊಡುವೆ’, ಎಂದನು. ಆ ಸ್ಥಳದಲ್ಲಿ ಕಟ್ಟಿದ ಪಟ್ಟಣಕ್ಕೆ ಅದರಿಂದಲೇ ದರಾಸ್ ಎಂಬ ಹೆಸರಾಯಿತು. ಕಥೆಯು ಕಟ್ಟುಕಥೆ. ಆ ಪಟ್ಟಣವನ್ನು ಕೋಟೆಕೊತ್ತಲಗಳೊಡನೆ ಕಟ್ಟಿಸಿದವನು ಜಸ್ಟಿನಿಯನನಿಗಿಂತ ಹಿಂದಿನ ಅನಸ್ತಾಸಿಯಸ್ ಚಕ್ರವರ್ತಿ. ಆದರೆ ಕಟ್ಟುಕಥೆಯಲ್ಲಿಯೂ ಭಾಷೆ ಸುಳ್ಳಾಡುವುದಿಲ್ಲ. ಪಾರಸೀಕನ ‘ಕೊಡೆನು’ ಎಂಬುದು ಹಳೆಯ ಲ್ಯಾಟಿನ್ನಿನ ರೂಪ. ಚಕ್ರವರ್ತಿಯ ‘ದರಾಸ್’ ಎಂಬುದು ‘ದಾರೆ’ ಮತ್ತು ‘ಹಾಬೆಸ್’ ಎಂಬೆರಡು ಪದಗಳು ಕೂಡಿ ಆದ ಹೊಸ ರೂಪ. ಸಂಸ್ಕೃತದ ಲುಟ್ ಲಕಾರದಲ್ಲಿ ‘ದಾತಾ’ ಮತ್ತು ‘ಅಸಿ’ ಎಂಬುವು ಕೂಡಿ ‘ದಾತಾಸಿ’ ಎಂದಾಗುವುದನ್ನು ಬಲ್ಲವರು ಈ ದರಾಸ್ ಎಂಬುದನ್ನು ಕಂಡು ಸಂತೋಷಪಡದಿರರು. ಧಾತುವೂ ಅದೇ, ಅರ್ಥವೂ ಅದೇ, ಕಟ್ಟಿದ ಬಗೆಯೂ ಅದೇ.

ಇದಕ್ಕಿಂತಲೂ ವಿಸ್ಮಯಕರವಾದುದು ಸಂಕೇತಾರ್ಥದ ಹುಟ್ಟು. ‘ಪ್ರೀತಿಸುತ್ತಿದ್ದನು, ಆದರೆ ಪ್ರೀತಿಸಲಿಲ್ಲ’ ಎಂಬ ಅಭಿಪ್ರಾಯವನ್ನು ತಿಳಿಸಲು ಲ್ಯಾಟಿನ್ನಿನಲ್ಲಿ ಪ್ರತ್ಯೇಕವಾದ ಅರ್ಥವಿರಲಿಲ್ಲ. ಸಂಭಾವನಾರ್ಥವೇ ಆ ಕೆಲಸವನ್ನು ಮಾಡುತ್ತಿದ್ದಿತು. ತಸ್ಕನಿಯ ಜನರು ‘ಪ್ರೀತಿಸಲಿಕ್ಕುಂಟು’ ಎಂಬಲ್ಲಿಯ ‘ಉಂಟು’ ಎಂಬುದಕ್ಕೆ ಬದಲಾಗಿ ಅದರ ಭೂತರೂಪವನ್ನು ಜೋಡಿಸಿದರು. ‘ಎಬ್ಬೆ’ ಎಂದರೆ ‘ಇದ್ದಿತು’. ‘ಅಮೆರೆಬ್ಬೆ’ ಎಂದರೆ ‘ಪ್ರೀತಿಸುತ್ತಿದ್ದನು’ ಎಂಬ ಸಂಕೇತಾರ್ಥ. ಅಂದರೆ ಭವಿಷ್ಯತ್ತಿಗೆ ಭೂತದ ಉಡುಪನ್ನು ತೊಡಿಸಿದ್ದಾಯಿತು. ನಮ್ಮ ಲೃಙ್ ಲಕಾರದ ಮರ್ಮವೂ ಇದೇ ಅಲ್ಲವೆ? ‘ಕರಿಷ್ಯತಿ’ ಎಂಬ ಭವಿಷ್ಯದ್ರೂಪಕ್ಕೆ ಅಡಾಗಮವನ್ನೂ ಭೂತದ ಪ್ರತ್ಯಯವನ್ನೂ ಕೊಟ್ಟರೆ ‘ಅಕರಿಷ್ಯತ್’ ಎಂದಾಗುತ್ತದೆ. ಕ್ರಿಯೆಯು ನಡೆಯದೆಹೋದ ಸಂದರ್ಭದಲ್ಲಿ, ಎಂದರೆ ಕ್ರಿಯಾತಿಪತ್ತಿಯಲ್ಲಿ, ಅದರ ಪ್ರಯೋಗ. ಪಾಣಿನಿಯ ಹೆಸರನ್ನು ಕೇಳದ ಕುರುಬರೂ ನೇಕಾರರೂ ಆರ್ನೊ ನದಿಯ ದಡದಲ್ಲಿ ಅದೇ ತರ್ಕದಿಂದ ಅದೇ ರೂಪವನ್ನು ಕಟ್ಟಿದರು. ದಕ್ಷಿಣದ ಸಿಸಿಲಿಯಲ್ಲಿ ಬೇರೊಂದು ಭೂತರೂಪವನ್ನು ಜೋಡಿಸಿದ್ದರಿಂದ ‘ಅಮರಿಯಾ’ ಎಂಬಂತಹ ರೂಪವು ಹುಟ್ಟಿತು. ಹದಿಮೂರನೆಯ ಶತಮಾನದಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿಯ ಆಸ್ಥಾನದ ಕವಿಗಳು ಅದನ್ನು ಬಳಸಿದ್ದರಿಂದ, ಮಾತಿನಲ್ಲಿ ತಸ್ಕನಿಯ ರೂಪವು ಗೆದ್ದರೂ ಕಾವ್ಯದಲ್ಲಿ ಸಿಸಿಲಿಯ ರೂಪವು ಬಹುಕಾಲ ಉಳಿದುಕೊಂಡಿತು.

ಭೂತಕಾಲದಲ್ಲಿಯೂ ಹೊಸತೊಂದು ಹುಟ್ಟಿತು. ‘ಬರೆಯಲ್ಪಟ್ಟ ಕಾಗದವು ನನ್ನಲ್ಲುಂಟು’ ಎಂಬರ್ಥದ ವಾಕ್ಯವೇ ಕ್ರಮೇಣ ‘ಬರೆದಿದ್ದೇನೆ’ ಎಂಬ ಅರ್ಥವನ್ನು ಪಡೆದು ‘ಒ ಸ್ಕ್ರಿತ್ತೊ’ ಎಂದಾಯಿತು. ಹೋಗು, ಬರು ಮುಂತಾದ ಧಾತುಗಳಿಗೆ ‘ಉಂಟು’ ಎಂಬುದರ ಬದಲು ‘ಆಗಿದ್ದೇನೆ’ ಎಂಬರ್ಥದ ‘ಸೊನೊ’ ಎಂಬುದು ಬರುತ್ತದೆ. ಗಂಡಸು ‘ಸೊನೊ ಅಂದಾತೊ’ ಎಂದರೆ ಹೆಂಗಸು ‘ಸೊನೊ ಅಂದಾತಾ’ ಎನ್ನುತ್ತಾಳೆ. ‘ರಾಮೋ ಗತಃ’, ‘ಸೀತಾ ಗತಾ’ ಎಂಬಲ್ಲಿ ಗಮನಾರ್ಥಕ ಧಾತುಗಳಿಗೆ ಕ್ತಪ್ರತ್ಯಯವು ಕರ್ತರಿಯಲ್ಲಿ ಬಂದು, ಲಿಂಗವನ್ನು ಅನುಸರಿಸುವುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಇಷ್ಟೆಲ್ಲ ಬದಲಾವಣೆಗಳು ನಡೆಯುತ್ತಿದ್ದಾಗ ಬರೆಯುವವರೆಲ್ಲರೂ ಲ್ಯಾಟಿನ್ನಿನಲ್ಲಿಯೇ ಬರೆಯುತ್ತಿದ್ದರು. ಜನರ ನುಡಿಯು ಇಟಲಿಯಲ್ಲಿ ಬುದ್ಧಿಪೂರ್ವಕವಾಗಿ ಪತ್ರಾರೂಢವಾದುದು ೯೬೦ನೆಯ ಮಾರ್ಚ್ ತಿಂಗಳಲ್ಲಿ, ಕಾಪುವಾ ಪಟ್ಟಣದ ಒಂದು ಜಮೀನಿನ ವ್ಯಾಜ್ಯದಲ್ಲಿ. ಮೊಂತೆ ಕಾಸ್ಸಿನೊ ಮಠಕ್ಕೂ ಅಕ್ವಿನೊ ಊರಿನ ರೊದೆಲ್ಗ್ರಿಮೊ ಎಂಬವನಿಗೂ ಭೂಮಿಯ ವಿಷಯದಲ್ಲಿ ವಿವಾದ. ಆ ಭೂಮಿಯನ್ನು ಮೂವತ್ತು ವರ್ಷ ಮಠದವರೇ ಅನುಭವಿಸಿದರೆಂದು ಮೂವರು ಸಾಕ್ಷಿಗಳು ನ್ಯಾಯಾಧಿಪತಿ ಅರೆಕೀಸಿಯ ಮುಂದೆ ಒಬ್ಬೊಬ್ಬರಾಗಿ ನುಡಿದರು. ದಸ್ತಾವೇಜೆಲ್ಲ ಲ್ಯಾಟಿನ್ನಿನಲ್ಲಿದ್ದರೂ ಸಾಕ್ಷಿಯ ವಾಕ್ಯವನ್ನು ಮಾತ್ರ ಆಡುಮಾತಿನಲ್ಲಿ ಬರೆದಿಟ್ಟರು. ಆ ಒಂದು ವಾಕ್ಯದಲ್ಲಿ ಮೂರು ಕ್ರಿಯಾಪದಗಳಿವೆ. ‘ಬಲ್ಲೆನು’, ‘ಒಳಗೊಂಡಿದೆ’ ಎಂಬರ್ಥದ ಎರಡು ವರ್ತಮಾನ. ‘ಅನುಭವಿಸಿತು’ ಎಂಬರ್ಥದ ‘ಪೊಸ್ಸೆತ್ತೆ’ ಎಂಬುದು ಭೂತ. ಮೂವತ್ತು ವರ್ಷದ ಸ್ವಾಮ್ಯವೆಲ್ಲ ಆ ಒಂದು ಭೂತಕಾಲದ ಕ್ರಿಯಾಪದದ ಮೇಲೆ ನಿಂತಿದ್ದಿತು.

ಬರಹದಲ್ಲಿ ಕಾಣಿಸಿಕೊಂಡರೂ ಜನರ ನುಡಿಗೆ ಮಾನ್ಯತೆಯು ಬೇಗನೆ ದೊರೆಯಲಿಲ್ಲ. ತಾಯಿಯಿಂದಲೂ ದಾದಿಯಿಂದಲೂ ನಿಯಮವಿಲ್ಲದೆ ಕಲಿತ ನುಡಿಯೇ, ಶಾಸ್ತ್ರದಿಂದ ಕಲಿತ ನುಡಿಗಿಂತ ಶ್ರೇಷ್ಠವೆಂದು ದಾಂತೆ ಮಹಾಕವಿಯು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ವಾದಿಸಿದನು. ಆದರೆ ಆ ವಾದವನ್ನು ಪಂಡಿತರು ಓದಬೇಕಾದರೆ ಅವನು ಅದನ್ನು ಲ್ಯಾಟಿನ್ನಿನಲ್ಲಿಯೇ ಬರೆಯಬೇಕಾಯಿತು.

ವಿವಾದವು ಮೊನೆಗೊಂಡುದು ೧೪೩೫ರಲ್ಲಿ. ಆಗ ನಾಲ್ಕನೆಯ ಯೂಜೀನಿಯಸ್ ಪೋಪನು ಫ್ಲಾರೆನ್ಸಿನಲ್ಲಿದ್ದನು. ಅವನ ಕಾರ್ಯದರ್ಶಿಗಳಾದ ವಿದ್ವಾಂಸರಲ್ಲಿ ಪ್ರಾಚೀನ ರೋಮಿನ ಜನರು ಯಾವ ಭಾಷೆಯನ್ನಾಡುತ್ತಿದ್ದರೆಂಬ ಚರ್ಚೆ ಹುಟ್ಟಿತು. ಆ ಕೂಟದಲ್ಲಿದ್ದವರಲ್ಲಿ ಪೊಜ್ಜೊ ಬ್ರಾಚ್ಚೊಲೀನಿ ಎಂಬವನು ನಮಗೂ ಅಪರಿಚಿತನಲ್ಲ. ವಿಜಯನಗರವನ್ನು ಕಂಡುಹೋದ ನಿಕೊಲೊ ಕೊಂತಿ ಎಂಬ ವೆನಿಸಿನ ಯಾತ್ರಿಕನು ಹೇಳಿದ ವೃತ್ತಾಂತವನ್ನು ಬರೆದಿಟ್ಟವನು ಇವನೇ. ಅದನ್ನೂ ಅವನು ಬರೆದುದು ಲ್ಯಾಟಿನ್ನಿನಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ.

ಚರ್ಚೆಯಲ್ಲಿ ಲೆಯೊನಾರ್ದೊ ಬ್ರೂನಿಯ ಪಕ್ಷ ಹೀಗಿತ್ತು: ವಿಭಕ್ತಿ, ಲಕಾರಗಳಿಂದ ಜಟಿಲವಾದ ಲ್ಯಾಟಿನ್ನನ್ನು ನಾವು ಎಷ್ಟೋ ಗುರುಗಳ ಬಳಿ ವರ್ಷಗಟ್ಟಲೆ ಶ್ರಮಪಟ್ಟು ಕಲಿಯುತ್ತೇವೆ, ರೋಮಿನ ದಾದಿಯರೂ ರೊಟ್ಟಿ ಸುಡುವವರೂ ಗುರುಗಳಿಲ್ಲದೆ ಅದನ್ನು ಕಲಿತರೆಂದು ನಂಬುವುದು ಹೇಗೆ? ಆದುದರಿಂದ ಅಂದೂ ಪಂಡಿತರಿಗೆ ಒಂದು ಭಾಷೆ, ಪಾಮರರಿಗೆ ವ್ಯಾಕರಣವಿಲ್ಲದ ಇನ್ನೊಂದು ಭಾಷೆ ಇದ್ದಿರಬೇಕು. ನಾಯಕನು ಸಂಸ್ಕೃತವನ್ನೂ ಸ್ತ್ರೀಯರೂ ಸೇವಕರೂ ಪ್ರಾಕೃತವನ್ನೂ ಆಡುವ ನಮ್ಮ ನಾಟಕಗಳನ್ನು ಓದಿದವರಿಗೆ ಈ ಅಭಿಪ್ರಾಯವು ಹೊಸದೆನಿಸದು. ಫ್ಲಾವಿಯೊ ಬಿಯೊಂದೊ ಎಂಬವನು ಇದನ್ನು ಒಪ್ಪದೆ, ರೋಮಿನ ಸರ್ವಜನರ ಭಾಷೆಯೂ ಲ್ಯಾಟಿನ್ನೇ ಎಂದು ವಾದಿಸಿ ಒಂದು ಪ್ರಬಂಧವನ್ನು ಬರೆದನು.

ಈ ವಿವಾದಕ್ಕೆ ಅಪೂರ್ವವಾದ ಉತ್ತರವನ್ನು ಕೊಟ್ಟವನು ಲೆಯೊನ್ ಬಾತ್ತಿಸ್ತಾ ಆಲ್ಬೆರ್ತಿ. ಶಿಲ್ಪಶಾಸ್ತ್ರಜ್ಞನೆಂದು ಲೋಕಪ್ರಸಿದ್ಧನಾದ ಇವನು ೧೪೪೦ರ ಸುಮಾರಿನಲ್ಲಿ ತಸ್ಕನಿಯ ಆಡುನುಡಿಗೆ ಒಂದು ಕಿರಿಯ ವ್ಯಾಕರಣವನ್ನು, ಅದೇ ನುಡಿಯಲ್ಲಿ, ರಚಿಸಿದನು. ಇಟಲಿಯ ಭಾಷೆಗೆ ಇದೇ ಮೊದಲನೆಯ ವ್ಯಾಕರಣ. ಇದರಲ್ಲಿ ಅವನು ವಾದವನ್ನು ಬೆಳೆಸಲಿಲ್ಲ; ಫ್ಲಾರೆನ್ಸಿನ ಜನರು ದಿನವೂ ಆಡುವ ಕ್ರಿಯಾಪದಗಳನ್ನು ಅರ್ಥ, ಕಾಲ, ಪುರುಷ, ವಚನಗಳ ಕ್ರಮದಲ್ಲಿ ಸಾಲಾಗಿ ಬರೆದು ಮುಂದಿಟ್ಟನು. ಅದರ ತಾತ್ಪರ್ಯವು ಸ್ಪಷ್ಟವಾಗಿದೆ. ಅಕ್ಷರವನ್ನರಿಯದ ನಮ್ಮ ಹೆಂಗಸರೂ ಮಕ್ಕಳೂ ಇಷ್ಟು ರೂಪಗಳನ್ನು ತಪ್ಪಿಲ್ಲದೆ ಆಡುತ್ತಿರುವಾಗ, ರೋಮಿನ ದಾದಿಯರು ತಮ್ಮ ಲ್ಯಾಟಿನ್ನನ್ನು ಆಡಿದ್ದರಲ್ಲಿ ಆಶ್ಚರ್ಯವೇನು? ಒಂದೇ ಪಟ್ಟಿಯಿಂದ ಎರಡು ಸಿದ್ಧಾಂತಗಳು ಸ್ಥಾಪಿತವಾದುವು: ಲ್ಯಾಟಿನ್ ಒಂದು ಕಾಲಕ್ಕೆ ಮನೆಮಾತಾಗಿತ್ತು, ಇಂದಿನ ಮನೆಮಾತಿಗೂ ಲ್ಯಾಟಿನ್ನಿನಂತೆಯೇ ಕ್ರಮವುಂಟು.

ಆಲ್ಬೆರ್ತಿಯ ಸೂಕ್ಷ್ಮದೃಷ್ಟಿಗೆ ಎರಡು ನಿದರ್ಶನಗಳು ಸಾಕು. ನಾವು ಮೇಲೆ ಹೇಳಿದ ಸಂಕೇತಾರ್ಥವನ್ನು ಅವನು ಲ್ಯಾಟಿನ್ ವೈಯಾಕರಣರು ಹೇಳದ ಹೊಸ ಅರ್ಥವೆಂದು ಗುರುತಿಸಿ, ಅದಕ್ಕೆ ಪ್ರತ್ಯೇಕವಾದ ಹೆಸರನ್ನೂ ಕೊಟ್ಟನು. ಇನ್ನೊಂದು, ಎರಡು ಭೂತಕಾಲಗಳ ಭೇದ. ನಿನ್ನೆ ಓಸ್ತಿಯಾ ಊರಿಗೆ ಹೋಗಿದ್ದರೆ ‘ಫುಯ್’ ಎಂಬ ಶುದ್ಧ ಭೂತರೂಪ. ಇಂದು ತಿವೊಲಿಗೆ ಹೋಗಿದ್ದರೆ ‘ಸೊನೊ ಸ್ತಾತೊ’ ಎಂಬ ಸಂಯುಕ್ತರೂಪ ಎಂದು ಅವನು ಉದಾಹರಿಸಿದ್ದಾನೆ. ಪಾಠಶಾಲೆಯಲ್ಲಿ ಅದ್ಯತನ, ಅನದ್ಯತನ ಎಂಬ ಪದಗಳನ್ನು ಬಾಯಿಪಾಠ ಮಾಡಿದವರಿಗೆ ಇದರ ವಿವರಣೆ ಬೇಕಿಲ್ಲ. ಇಂದಿನದಲ್ಲದ ಭೂತಕ್ಕೆ ಲಙ್ ಎಂದು ಪಾಣಿನಿಯು ವಿಧಿಸಿದ್ದಾನಷ್ಟೆ. ಎರಡು ಸಾವಿರ ವರ್ಷಗಳ ಸಮೀಪದ ಅಂತರದಲ್ಲಿ, ಪರಸ್ಪರ ಸಂಬಂಧವಿಲ್ಲದ ಇಬ್ಬರು ವೈಯಾಕರಣರು ಕಾಲವನ್ನು ವಿಭಾಗಿಸಲು ಒಂದೇ ಗೆರೆಯನ್ನು, ನಿನ್ನೆ ಇಂದುಗಳ ನಡುವಣ ರಾತ್ರಿಯನ್ನು, ಆರಿಸಿಕೊಂಡರು.

ಇಷ್ಟಾದರೂ ಆ ಪುಸ್ತಕಕ್ಕೆ ಅದೃಷ್ಟವಿರಲಿಲ್ಲ. ೧೪೪೧ರಲ್ಲಿ ಆಲ್ಬೆರ್ತಿಯು ಫ್ಲಾರೆನ್ಸಿನ ಮಹಾದೇವಾಲಯದಲ್ಲಿ ಜನರ ನುಡಿಯಲ್ಲಿಯೇ ಕವಿತಾಸ್ಪರ್ಧೆಯೊಂದನ್ನು ಏರ್ಪಡಿಸಿದನು. ತೀರ್ಪುಗಾರರಾದ ಪೋಪನ ಕಾರ್ಯದರ್ಶಿಗಳು ಬೆಳ್ಳಿಯ ಕಿರೀಟವನ್ನು ಯಾವ ಕವಿಗೂ ಕೊಡದೆ ದೇವಾಲಯಕ್ಕೆ ಒಪ್ಪಿಸಿಬಿಟ್ಟರು. ವ್ಯಾಕರಣದ ಹಸ್ತಪ್ರತಿಯು, ೧೫೦೮ರಲ್ಲಿ ಮಾಡಿದ ಒಂದು ನಕಲಿನ ರೂಪದಲ್ಲಿ ವ್ಯಾಟಿಕನ್ ಗ್ರಂಥಾಲಯವನ್ನು ಸೇರಿ, ೧೯೦೮ರವರೆಗೆ ಮುದ್ರಣವನ್ನೇ ಕಾಣಲಿಲ್ಲ. ಅಷ್ಟರಲ್ಲಿ ೧೫೧೬ರಲ್ಲಿ ಫೊರ್ತೂನಿಯೊ ಎಂಬವನ ವ್ಯಾಕರಣವೂ, ೧೫೨೫ರಲ್ಲಿ ವೆನಿಸಿನ ಪಿಯೆತ್ರೊ ಬೆಂಬೊ ಎಂಬವನ ಪ್ರಸಿದ್ಧ ಗ್ರಂಥವೂ ಅಚ್ಚಾಗಿ ಪ್ರಮಾಣಗಳಾದುವು. ಇವರು ಅನುಸರಿಸಿದುದು ಬೀದಿಯ ಮಾತನ್ನಲ್ಲ. ಹದಿನಾಲ್ಕನೆಯ ಶತಮಾನದ ಗ್ರಂಥಗಳನ್ನು, ಬೆಂಬೊ ವಿಶೇಷವಾಗಿ ಪೆತ್ರಾರ್ಕ ಮತ್ತು ಬೊಕ್ಕಾಚ್ಚೊ ಎಂಬವರ ಭಾಷೆಯನ್ನು.

ಇದರಿಂದಾದ ಪರಿಣಾಮವನ್ನು ಒಂದೇ ಸ್ವರಾಕ್ಷರದಲ್ಲಿ ತೋರಿಸಬಹುದು. ‘ನಾನು ಪ್ರೀತಿಸುತ್ತಿದ್ದೆನು’ ಎಂಬುದಕ್ಕೆ ಲ್ಯಾಟಿನ್ನಿನಿಂದ ಇಳಿದು ಬಂದ ರೂಪ ‘ಅಮಾವ’. ‘ಅವನು ಪ್ರೀತಿಸುತ್ತಿದ್ದನು’ ಎಂಬುದಕ್ಕೂ ‘ಅಮಾವ’. ಈ ಗೊಂದಲವನ್ನು ನೀಗಲು ಫ್ಲಾರೆನ್ಸಿನ ಜನರು ವರ್ತಮಾನದ ‘ಆಮೊ’ ಎಂಬುದನ್ನು ನೋಡಿ ಉತ್ತಮಪುರುಷಕ್ಕೆ ‘ಅಮಾವೊ’ ಎಂದು ಹೇಳತೊಡಗಿದರು. ಬೆಂಬೊ ಅದನ್ನು ಒಪ್ಪಲಿಲ್ಲ. ಮುಂದೆ ಮುನ್ನೂರು ವರ್ಷಗಳ ಕಾಲ ಜನರು ಓಕಾರಾಂತವನ್ನು ಆಡುತ್ತಲೂ ಗ್ರಂಥಕರ್ತರು ಬಹುಮಟ್ಟಿಗೆ ಅಕಾರಾಂತವನ್ನು ಬರೆಯುತ್ತಲೂ ಬಂದರು. ಮಿಲಾನಿನ ಅಲೆಸ್ಸಾಂದ್ರೊ ಮಂಝೋನಿಯು ತನ್ನ ಪ್ರಖ್ಯಾತ ಕಾದಂಬರಿಯನ್ನು ೧೮೨೭ರಲ್ಲಿ ಪ್ರಕಟಿಸಿದ ಮೇಲೆ ಫ್ಲಾರೆನ್ಸಿಗೆ ಹೋಗಿ ಅಲ್ಲಿಯ ವಿದ್ಯಾವಂತರ ಮಾತನ್ನು ಕಿವಿಗೊಟ್ಟು ಕೇಳಿ, ೧೮೪೦ರಿಂದ ಹೊರಟ ಪರಿಷ್ಕೃತ ಮುದ್ರಣದಲ್ಲಿ ಉತ್ತಮಪುರುಷದ ಅಕಾರವನ್ನು ಓಕಾರವಾಗಿ ತಿದ್ದಿದನು. ಇಂದು ಇಟಲಿಯ ಮಕ್ಕಳು ಶಾಲೆಯಲ್ಲಿ ಕಲಿಯುವುದು ‘ಅಮಾವೊ’ ಎಂಬುದನ್ನೇ. ಮುನ್ನೂರು ವರ್ಷ ತಪ್ಪೆನಿಸಿಕೊಂಡುದು ಕೊನೆಗೆ ನಿಯಮವಾಯಿತು.

೧೮೬೧ರಲ್ಲಿ ಇಟಲಿಯು ಒಂದು ರಾಜ್ಯವಾದಾಗ ಈ ಗ್ರಂಥಸ್ಥ ಭಾಷೆಯನ್ನು ಆಡಬಲ್ಲವರು ನೂರಕ್ಕೆ ಎರಡೂವರೆ ಮಂದಿ ಎಂದು ತುಲ್ಲಿಯೊ ದೆ ಮೌರೊ ಎಂಬ ವಿದ್ವಾಂಸರು ೧೯೬೩ರಲ್ಲಿ ಲೆಕ್ಕ ಹಾಕಿದರು. ಅರಿಗೊ ಕಾಸ್ತೆಲ್ಲಾನಿ ಎಂಬವರು ಮುಂದೆ ಅದನ್ನು ನೂರಕ್ಕೆ ಹತ್ತರ ಸಮೀಪಕ್ಕೆ ಏರಿಸಿದರು. ಹೇಗಾದರೂ ಬಹುಜನರಿಗೆ ತಮ್ಮ ತಮ್ಮ ಪ್ರಾಂತದ ನುಡಿಯೇ ಮನೆಮಾತಾಗಿದ್ದಿತು. ಅದರ ಗುರುತು ಇಂದಿಗೂ ಲಕಾರಗಳಲ್ಲಿ ಉಳಿದಿದೆ. ಆಲ್ಬೆರ್ತಿಯು ಹೇಳಿದ ಎರಡು ಭೂತಕಾಲಗಳಲ್ಲಿ ಉತ್ತರ ಇಟಲಿಯವರು ಮಾತಿನಲ್ಲಿ ಸಂಯುಕ್ತರೂಪವೊಂದನ್ನೇ ಉಳಿಸಿಕೊಂಡು ನಿನ್ನೆಗೂ ನೂರು ವರ್ಷದ ಹಿಂದಿನದಕ್ಕೂ ಅದನ್ನೇ ಬಳಸುತ್ತಾರೆ. ಸಿಸಿಲಿಯವರು ಈಗತಾನೆ ನಡೆದುದಕ್ಕೂ ಶುದ್ಧ ಭೂತವನ್ನು ಹೇಳುವುದುಂಟು. ತಸ್ಕನಿಯಲ್ಲಿ ಎರಡರ ಭೇದವೂ ಉಳಿದಿದೆ. ಸಂಸ್ಕೃತದಲ್ಲಿಯೂ ಲಙ್, ಲುಙ್, ಲಿಟ್ಟುಗಳ ಭೇದವು ಕವಿಗಳ ಕಾಲಕ್ಕೆ ಬಹುಮಟ್ಟಿಗೆ ಸಡಿಲವಾಗಿದ್ದಿತೆಂಬುದನ್ನು ನೆನೆದರೆ ಇದನ್ನು ಅವನತಿಯೆಂದು ಯಾರೂ ಹಳಿಯಬೇಕಾಗಿಲ್ಲ.

ಈ ಚರಿತ್ರೆಯಿಂದ ತಿಳಿಯತಕ್ಕುದೇನೆಂದರೆ, ಇಟಲಿಯ ಭವಿಷ್ಯತ್ಕಾಲವನ್ನಾಗಲಿ ಸಂಕೇತಾರ್ಥವನ್ನಾಗಲಿ ಯಾವ ವೈಯಾಕರಣನೂ ನಿರ್ಮಿಸಲಿಲ್ಲ. ಪಂಡಿತರು ಅಪಭ್ರಂಶವೆಂದು ಕಡೆಗಣ್ಣಿನಿಂದ ನೋಡಿದ ಮಾತಿನಲ್ಲಿಯೇ ಅವು ಹುಟ್ಟಿ, ಬೆಳೆದು, ನಿಯತವಾದುವು. ಶಾಸ್ತ್ರಕಾರನ ಕೆಲಸವು ಅವನ್ನು ಕಂಡು ಎಣಿಸಿ ಬರೆದಿಡುವುದು. ಆಲ್ಬೆರ್ತಿಯು ಅದನ್ನು ಮಾಡಿದನು. ಸಿದ್ಧವಾದ ಶಬ್ದಾರ್ಥಸಂಬಂಧವನ್ನು ವ್ಯಾಕರಣವು ಅನ್ವಾಖ್ಯಾನ ಮಾಡುತ್ತದೆಯೇ ಹೊರತು ಸೃಷ್ಟಿಸುವುದಿಲ್ಲವೆಂಬುದು ನಮ್ಮ ಪೂರ್ವಾಚಾರ್ಯರಿಗೂ ಸಮ್ಮತವಾದ ಪಕ್ಷವೇ. ಹೀಗಿರಲು, ಶಾಲೆಯಿಂದ ಬಂದ ಮಕ್ಕಳು ಅಜ್ಜಿಯ ಮಾತನ್ನು ಕೇಳಿ ‘ಇದಕ್ಕೆ ವ್ಯಾಕರಣವಿಲ್ಲ’ ಎಂದು ನಕ್ಕರೆ, ಹಿರಿಯರಾದವರು ಅವರನ್ನು ಗದರಿಸಬೇಕಾಗಿಲ್ಲ. ಅಜ್ಜಿಯ ಬಾಯಲ್ಲಿ ಬರುವ ಒಂದು ಕ್ರಿಯಾಪದವನ್ನು ತೆಗೆದುಕೊಂಡು, ಅರ್ಥ, ಕಾಲ, ಪುರುಷ, ವಚನಗಳ ಕ್ರಮದಲ್ಲಿ ಬರೆಯಲು ಹೇಳಿದರೆ ಸಾಕು. ಪಟ್ಟಿಯು ಪೂರ್ತಿಯಾಗುವಷ್ಟರಲ್ಲಿ ಉತ್ತರವು ತಾನಾಗಿಯೇ ದೊರೆಯುವುದು.